ಒಂಬತ್ತನೇ ನಂಬರಿನ ಒರಳು

ಜೂನ್ 10

ಪ್ರೀತಿಯ ಗಡಿಗೆ,

ಈ ಕಾಗದದ ಬೆನ್ನಿಗೇ ಒಂದು ಹಸಿರು ಮರದ ಪೆಟ್ಟಿಗೆ ನಿನ್ನ ಮನೆಗೆ ಬರುತ್ತದೆ. ಎತ್ತುವಾಗ ಸೊಂಟ ಹಿಡಿದೀತು, ಜೋಕೆ. ಒಳಗೆ ಹತ್ತಿಯಲ್ಲಿ ಸುತ್ತಿದ ಹದಿನಾಲ್ಕು ವಸ್ತುಗಳಿವೆ. ಮಡಕೆ ಚೂರುಗಳು (ಚಿಕ್ಕಂದಿನಿಂದ ಗಡಿಗೆ ಎಂದು ಕರೆಸಿಕೊಂಡ ನಿನ್ನ ನೆಂಟರೇ ಬಿಡು), ನಾಯಿ ಹೆಜ್ಜೆ ಮೂಡಿದ ಒಂದು ಇಟ್ಟಿಗೆ, ಮಣಿಗಳು, ಕಬ್ಬಿಣ ಕರಗಿಸಿದಾಗ ಉಳಿಯುವ ಕಿಟ್ಟ, ಒಂದು ಪುಟ್ಟ ಕಲ್ಲಿನ ಒರಳು, ಹೀಗೆ. ಎಲ್ಲವೂ ಅಸಲಿ, ಎಲ್ಲವೂ ಸಾವಿರ ವರ್ಷ ದಾಟಿದವು. ನಮ್ಮ ಮ್ಯೂಸಿಯಂ ಉಗ್ರಾಣದಲ್ಲಿ ಇಂಥವು ಗೋಣಿಗಟ್ಟಲೆ ಬಿದ್ದಿರುವುದರಿಂದ ಇಷ್ಟನ್ನು ಮಕ್ಕಳ ಕೈಗೆ ಕೊಡಲು ಒಪ್ಪಿಗೆ ಸಿಕ್ಕಿದೆ. ಜೊತೆಗೆ ನಾನು ಮೂರು ವರ್ಷ ಕೂತು ಬರೆದ ಕೈಪಿಡಿಯ ಕರಡು ಇದೆ. ಶಿಕ್ಷಕರು ಅದನ್ನು ನೋಡಿಕೊಂಡು ಪೆಟ್ಟಿಗೆಯ ಒಂದೊಂದು ವಸ್ತುವಿನಿಂದ ಒಂದೊಂದು ಪಾಠ ಮಾಡಬೇಕು.

ಅಚ್ಚಿಗೆ ಹೋಗುವ ಮೊದಲು ಒಂದು ತರಗತಿಯಲ್ಲಿ ನಡೆಸಿ ವರದಿ ಕೊಡಬೇಕಂತೆ. ಹತ್ತು ಹನ್ನೊಂದು ವರ್ಷದ ಮಕ್ಕಳು ಬೇಕು. ಇಪ್ಪತ್ತೆರಡು ವರ್ಷದಿಂದ ಇತಿಹಾಸದ ಮೇಷ್ಟ್ರಾಗಿರುವ ತಮ್ಮನನ್ನು ಮನೆಯಲ್ಲೇ ಇಟ್ಟುಕೊಂಡು ನಾನು ಬೇರೆಯವರ ಕಾಲು ಹಿಡಿಯಲೇ? ನಿನ್ನ ಐದನೇ ತರಗತಿಯಲ್ಲಿ ನಡೆಸು. ಮಕ್ಕಳು ಆಡಿದ್ದನ್ನು ಆಡಿದ ಹಾಗೇ ಬರೆದು ಕಳಿಸು.

ಫೋನಿನಲ್ಲಿ ಹೇಳೋಣವೆಂದು ಮೂರು ಸಲ ಮಾಡಿದೆ. ಮೂರು ಸಲವೂ ನಿನ್ನ ಹೆಂಡತಿ, "ಅವ್ರು ಈಗ್ತಾನೆ ಹೊರಗೆ ಹೋದ್ರು ಅಕ್ಕಾ" ಅಂದಳು. ಬಾಗಿಲ ಹಿಂದೆ ನಿಂತಿದ್ದೆಯೋ ಏನೋ. ನಾನು ಮಾತು ಶುರು ಮಾಡಿದರೆ ಮುಗಿಸುವುದಿಲ್ಲವೆಂದು ನಿನಗೆ ಭಯ, ಗೊತ್ತು ನನಗೆ.

ಇಂತು
ನಿನ್ನ ಅಕ್ಕ


ಜೂನ್ 26

ಅಕ್ಕಾ,

ಪೆಟ್ಟಿಗೆ ಬಂತು. ಸೊಂಟ ಹಿಡಿಯಲಿಲ್ಲ, ಭಾಮೈದ ಬಂದು ಎತ್ತಿಕೊಟ್ಟ.

ಮೊದಲ ಪಾಠ ಆಯಿತು. ನಿನ್ನ ಕೈಪಿಡಿಯಲ್ಲಿ ಮೊದಲ ಪಾಠಕ್ಕೆ ಶಿಕ್ಷಕರು ಆಡಬೇಕಾದ ಮಾತು ನಾಲ್ಕು ಪುಟ ಇದೆ. ತಪ್ಪು ತಿಳಿಯಬೇಡ, ಅದರಲ್ಲಿ ಒಂದು ಸಾಲನ್ನೂ ನಾನು ಹೇಳಲಿಲ್ಲ. ಮಡಕೆ ಚೂರುಗಳನ್ನು ಮೇಜಿನ ಮೇಲೆ ಸುರಿದು ಸುಮ್ಮನೆ ಕುಳಿತೆ. ಮೊದಲ ಎರಡು ನಿಮಿಷ ಅವರು ನನ್ನ ಮುಖ ನೋಡಿದರು. ಆಮೇಲೆ ಒಬ್ಬ ಒಂದು ಚೂರು ಎತ್ತಿಕೊಂಡ. ಇನ್ನೊಬ್ಬ ಅದನ್ನು ಕಿತ್ತುಕೊಂಡ. ಐದನೇ ನಿಮಿಷಕ್ಕೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಮಸಿ ಹಿಡಿದದ್ದು ಹೊರಗಡೆ ಮಾತ್ರ, ಒಳಗಡೆ ಇಲ್ಲ, ಆದ್ದರಿಂದ ಇದು ಒಲೆಯ ಮೇಲಿಡುವ ಪಾತ್ರೆ ಎಂದು ಉದ್ದ ಜಡೆಯವಳೊಬ್ಬಳು ಕಂಡುಹಿಡಿದಳು. ಕೊನೆಗೆ ಒಂದು ಪ್ರಶ್ನೆಯನ್ನು ಸ್ಲೇಟಿನ ಮೇಲೆ ಬರೆದು ತೋರಿಸಿದೆ, ಅಷ್ಟೇ ನನ್ನ ಪಾಲಿನ ಕೆಲಸ.

ಒಂದು ಕೇಳಿಕೊಳ್ಳುತ್ತೇನೆ. ಈ ಪಾಠಗಳ ಬಗ್ಗೆ ಫೋನು ಬೇಡ, ಕಾಗದವೇ ಇರಲಿ. ಬರೆದದ್ದು ಉಳಿಯುತ್ತದೆ, ವರದಿಗೆ ಬೇಕಾಗುತ್ತದೆ. ಭಾವನಿಗೆ ನಮಸ್ಕಾರ ತಿಳಿಸು.

ಗಡಿಗೆ


ಜುಲೈ 4

ಪ್ರೀತಿಯ ಗಡಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ನನ್ನ ನಾಲ್ಕು ಪುಟವನ್ನು ಮೂಲೆಗೆ ಹಾಕಿದನಲ್ಲ ಎಂದು. ಎರಡನೇ ಸಲ ನಗು ಬಂತು. ಮೂರನೇ ಸಲ ಕೆಂಪು ಪೆನ್ನು ತೆಗೆದುಕೊಂಡು ಆ ನಾಲ್ಕು ಪುಟಕ್ಕೂ ಅಡ್ಡಗೆರೆ ಎಳೆದು, ಮೇಲೆ ಹೀಗೆ ಬರೆದೆ: "ನಿಯಮ ಒಂದು. ಮೊದಲ ಹತ್ತು ನಿಮಿಷ ಶಿಕ್ಷಕರು ಬಾಯಿ ಬಿಡಕೂಡದು." ಮೂರು ವರ್ಷದಲ್ಲಿ ನನಗೆ ಹೊಳೆಯದೆ ಇದ್ದದ್ದು ನಿನಗೆ ಒಂದೇ ದಿನದಲ್ಲಿ ಹೊಳೆಯಿತಲ್ಲೋ. ನಾನು ವಾಚಾಳಿ, ಬರೆದ ಕೈಪಿಡಿಯೂ ವಾಚಾಳಿ.

ಫೋನು ಯಾಕೆ ಬೇಡವೆಂದು ಮಾತ್ರ ಚೆನ್ನಾಗಿ ಅರ್ಥವಾಯಿತು. ಹೋದ ವರ್ಷ ಮನೆಯಲ್ಲಿ ಎಲ್ಲರೂ ಸೇರಿದ್ದಾಗ, "ನಿನ್ನ ಪಾಠ ಅಂದ್ರೆ ಬರೀ ಇಸವಿ ಪಟ್ಟಿ" ಎಂದು ನಿನ್ನ ಹೆಂಡತಿಯ ಎದುರೇ ಅಂದುಬಿಟ್ಟೆ. ಅದನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯ. ತಪ್ಪಾಯಿತು ಕಣೋ. ಆದರೆ ಹೀಗೆ ಮೌನವ್ರತದ ಪಾಠ ಮಾಡಿ ಅಕ್ಕನ ಮುಖಕ್ಕೆ ಹೊಡೆದ ಹಾಗೆ ತೋರಿಸಿದೆಯಲ್ಲ, ಅಲ್ಲಿಗೆ ಲೆಕ್ಕ ಚುಕ್ತಾ ಆಯಿತೆಂದು ತಿಳಿದುಕೊಳ್ಳುತ್ತೇನೆ.

ಎರಡನೇ, ಮೂರನೇ ಪಾಠ ಬೇಗ ಆಗಲಿ. ಆ ಜಡೆಯ ಹುಡುಗಿಗೆ ನನ್ನ ಶಹಭಾಸ್ ಹೇಳು.

ಅಕ್ಕ


ಜುಲೈ 21

ಅಕ್ಕಾ,

ನನಗೆ ಯಾವ ಸಿಟ್ಟೂ ಇಲ್ಲ. ಬರೀ ಇಸವಿ ಪಟ್ಟಿ ಎಂದದ್ದು ನಿಜವೇ ಆಗಿತ್ತು.

ಜಡೆಯವಳಿಗೆ ಶಹಭಾಸ್ ಹೇಳಿದೆ. ನಾಚಿಕೊಂಡಳು.

ಈ ಸಲದ ಸುದ್ದಿ ಒಂಬತ್ತನೇ ನಂಬರಿನದು. ಅದೇ, ಅಂಗೈ ಅಗಲದ ಕಲ್ಲು, ಮಧ್ಯದಲ್ಲಿ ಗುಂಡನೆಯ ಗುಳಿ. ನಿನ್ನ ಚೀಟಿಯಲ್ಲಿ "ಚಿಕ್ಕ ಒರಳು, ಬಣ್ಣ ಅಥವಾ ಔಷಧಿ ಅರೆಯಲು" ಎಂದಿದೆ. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಕಲ್ಲನ್ನು ಮಾತ್ರ ಮುಂದಿಟ್ಟೆ. ಹಿಂದಿನ ಬೆಂಚಿನವನು, ಯಾವಾಗಲೂ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿರುವವನು, ಎದ್ದು ಬಂದು ಗುಳಿಯೊಳಗೆ ಹೆಬ್ಬೆರಳು ಹಾಕಿ ಸುತ್ತಿಸಿದ. ಆಡಿದ್ದನ್ನು ಆಡಿದ ಹಾಗೇ ಬರೆಯುತ್ತೇನೆ.

"ಇದ್ರಲ್ಲಿ ಯಾರೂ ಏನೂ ಅರ್ದಿಲ್ಲ. ಅರ್ದಿದ್ರೆ ಸವೆತ ಅಡ್ಡಾದಿಡ್ಡಿ ಇರ್ತಿತ್ತು. ಇಲ್ಲಿ ನೋಡಿ, ಬಳೆ ಬಳೆ ಥರ ಗೆರೆ. ಭಾರದ್ದು ಏನೋ ಇದ್ರೊಳಗೆ ನಿಂತ್ಕೊಂಡು ತಿರುಗಿದೆ."

ಪಕ್ಕದವನು ಬಗ್ಗಿ ನೋಡಿ, "ಪೂರ್ತಿ ಸುತ್ತಿಲ್ಲ. ಈ ಕಡೆ ಮಾತ್ರ ಆಳ. ಹೋಗಿದೆ, ವಾಪಸ್ ಬಂದಿದೆ" ಅಂದ.

ಆಗ ಜಡೆಯವಳು, "ಹೋಗಿ ವಾಪಸ್ ಬರೋದು ಅಂದ್ರೆ ಇನ್ನೇನು, ಬಾಗಿಲು!" ಅಂದಳು.

ಹೌದಲ್ಲ ಅಕ್ಕಾ! ಮರದ ಬಾಗಿಲಿನ ಮೂಲೆಯ ಗೂಟ ಆ ಗುಳಿಯಲ್ಲಿ ಕೂತು ತಿರುಗುತ್ತಿತ್ತು. ಅದು ಒರಳಲ್ಲ, ಯಾರದೋ ಮನೆಯ ಹೊಸ್ತಿಲ ಮೂಲೆಯ ಕಲ್ಲು. ಅಷ್ಟು ಹೊತ್ತಿಗೆ ಬಸ್ಸು ಬಂತೆಂದು ಅರ್ಧ ಜನ ಎದ್ದು ಹೋದರು. ಪಾಠ ಅಲ್ಲಿಗೇ ನಿಂತಿತು.

ಗಡಿಗೆ


ಆಗಸ್ಟ್ 1

ನನ್ನ ಬಂಗಾರದ ಗಡಿಗೆ,

ಕಾಗದ ಓದಿದವಳೇ ಚಪ್ಪಲಿ ಕೂಡ ಸರಿಯಾಗಿ ಮೆಟ್ಟಿಕೊಳ್ಳದೆ ಮ್ಯೂಸಿಯಂನ ಮೂರನೇ ಕೋಣೆಗೆ ಓಡಿದೆ. ಅಲ್ಲಿ ಗಾಜಿನ ಬೀರುವಿನಲ್ಲಿ ಅಂಥದೇ ಇನ್ನೊಂದು ಕಲ್ಲಿದೆ, "ಒರಳು" ಎಂಬ ಚೀಟಿಯೊಂದಿಗೆ, ನಾನು ಕೆಲಸಕ್ಕೆ ಸೇರುವ ಮೊದಲಿನಿಂದ. ಟಾರ್ಚು ಹಾಕಿ ನೋಡಿದೆ. ಬಳೆ ಬಳೆ ಗೆರೆ! ಒಂದು ಕಡೆ ಮಾತ್ರ ಆಳ! ಮೂವತ್ತು ವರ್ಷದಿಂದ ಎಷ್ಟು ಪಂಡಿತರು ಅದರ ಮುಂದೆ ನಿಂತು ತಲೆದೂಗಿ ಹೋಗಿದ್ದಾರೆ. ನಾನೇ ಎಷ್ಟೋ ಸಾವಿರ ಜನರಿಗೆ, "ಇದರಲ್ಲಿ ಔಷಧಿ ಅರೀತಿದ್ರು" ಎಂದು ರಾಗವಾಗಿ ಹೇಳಿದ್ದೇನೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಲ್ಲೇ ನಿಂತು ಒಬ್ಬಳೇ ನಕ್ಕೆ, ಕಾವಲುಗಾರ ಗಾಬರಿಯಾಗಿ ನೀರು ತಂದುಕೊಟ್ಟ.

ಆ ಹಿಂದಿನ ಬೆಂಚಿನ ಪೋರನಿಗೆ ಹನ್ನೊಂದು ತುಂಬಿದೆಯೇ? ಎಂಥ ತಲೆಯೋ ಅದು! ಮನೆಯಲ್ಲಿ ಯಾರು ಓದಿಸುತ್ತಾರೆ? ನಿದ್ದೆ ಮಾಡುತ್ತಾನೆಂದು ಬೈಯಬೇಡ, ಅಂಥ ಮಕ್ಕಳು ಕಣ್ಣು ಮುಚ್ಚಿಕೊಂಡೇ ಯೋಚಿಸುವುದು.

ಒಂದು ದೂರು. ನೀನು ತಿರುಗಿ ಕಳಿಸಿದ ಪಾಠದ ಕಾರ್ಡುಗಳಲ್ಲಿ ಆರನೆಯದರ ಮೇಲೆ ಕರೀ ಜಿಡ್ಡು. ಏನಾದರೂ ತಿಂದ ಕೈಯಲ್ಲಿ ಮುಟ್ಟಿಸಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದೆನಲ್ಲ. ಮಕ್ಕಳಿಗೆ ಕೈ ತೊಳೆದುಕೊಂಡು ಬರಲು ಹೇಳು.

ಅಕ್ಕ


ಆಗಸ್ಟ್ 9

ಅಕ್ಕಾ,

ತೊಳೆದುಕೊಂಡೇ ಬರುತ್ತಾರೆ, ಸೋಪು ಹಾಕಿ ಉಜ್ಜಿಕೊಂಡು ಬರುತ್ತಾರೆ. ಆದರೂ ಅದು ಹೋಗುವಂಥದಲ್ಲ.

ಒರಳಿನ ವಿಷಯವನ್ನು ಸದ್ಯಕ್ಕೆ ನಿನ್ನಲ್ಲೇ ಇಟ್ಟುಕೊ. ನಿಮ್ಮ ನಿರ್ದೇಶಕಿಯವರಿಗೆ ಹೇಳಲು ಆತುರ ಬೇಡ. ಪಾಠಗಳೆಲ್ಲ ಮುಗಿಯಲಿ. ನಾನೇ ನಿನಗೆ ಕೆಲವು ಸಂಗತಿ ವಿವರವಾಗಿ ಬರೆಯಬೇಕಿದೆ, ಇವತ್ತು ಆಗುತ್ತಿಲ್ಲ.

ಗಡಿಗೆ


ಆಗಸ್ಟ್ 17

ಗಡಿಗೆ,

ಹೇಳಿಬಿಟ್ಟಿದ್ದೇನಲ್ಲೋ! ನಿನ್ನ ಕಾಗದ ಬರುವ ನಾಲ್ಕು ದಿನ ಮೊದಲೇ ಹೇಳಿಬಿಟ್ಟೆ. ನನ್ನ ಬಾಯಲ್ಲಿ ಯಾವಾಗ ಏನು ನಿಂತಿದೆ?

ನಮ್ಮ ನಿರ್ದೇಶಕಿಯ ವಿಷಯ ನಿನಗೆ ಪೂರ್ತಿ ಹೇಳಿಲ್ಲ. ಆಫೀಸಿನಲ್ಲಿ ಎಲ್ಲರೂ ಅವರನ್ನು ಗಾಜಿನಬೀರು ಎನ್ನುತ್ತೇವೆ, ಅವರ ಬೆನ್ನ ಹಿಂದೆ. ಹಳೆಯ ವಸ್ತುವನ್ನು ಮುಟ್ಟಿದರೆ ಪಾಪ ಎಂಬ ಜಾತಿ. ಹೋದ ವರ್ಷವೇ ನನ್ನ ಕೈಪಿಡಿಯನ್ನು ಅವರು ಒಮ್ಮೆ ತಿರಸ್ಕರಿಸಿದ್ದರು. "ಮಕ್ಕಳ ಕೈಗೆ ಕೊಟ್ಟರೆ ಒಡೆಯುತ್ತಾರೆ, ಕಲಿಯುವುದಿಲ್ಲ" ಎಂದು ಅಂಚಿನಲ್ಲಿ ಬರೆದು ವಾಪಸ್ಸು ಕಳಿಸಿದ್ದರು. ಒಂದು ತರಗತಿಯಲ್ಲಿ ನಡೆಸಿ ತೋರಿಸುತ್ತೇನೆ, ಆಗದಿದ್ದರೆ ಪೆಟ್ಟಿಗೆಯನ್ನೂ ಕೈಪಿಡಿಯನ್ನೂ ನಾನೇ ಉಗ್ರಾಣಕ್ಕೆ ಹಾಕಿ ಬೀಗ ಜಡಿಯುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೆ. ನಿನಗೆ ಹೇಳಿದರೆ ಹೆದರಿ ಪಾಠ ಕೆಡಿಸಿಕೊಳ್ಳುತ್ತೀಯೆಂದು ಮುಚ್ಚಿಟ್ಟೆ.

ಈಗ ನೋಡು, ನಿನ್ನ ವರದಿ ಅವರ ಮೇಜಿನ ಮೇಲಿದೆ. ಹಿಂದಿನ ಬೆಂಚಿನ ಹುಡುಗನ ಮಾತಿನ ಕೆಳಗೆ ಅವರೇ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಸೆಪ್ಟೆಂಬರ್ 18ಕ್ಕೆ ಖುದ್ದಾಗಿ ನಿನ್ನ ತರಗತಿ ನೋಡಲು ಬರುತ್ತಾರಂತೆ. ಕೈಪಿಡಿ ಬರೆದವಳು ಹತ್ತಿರ ಇರಬಾರದಂತೆ, ಅದಕ್ಕೆ ನನಗೆ ಬರಲು ಅಪ್ಪಣೆಯಿಲ್ಲ. ಆ ಮಗುವಿಗೆ ಕೊಡಲೆಂದು ಇಪ್ಪತ್ತನಾಲ್ಕು ಬಣ್ಣದ ಪೆನ್ಸಿಲ್ ಡಬ್ಬ ತರಿಸಿಟ್ಟಿದ್ದಾರೆ. ಗಾಜಿನಬೀರು ಒಂದು ಮಗುವಿಗೆ ಬಹುಮಾನ ಕೊಡುವುದೆಂದರೆ! ನನ್ನ ಮೂರು ವರ್ಷ ಸಾರ್ಥಕವಾಯಿತು ಕಣೋ.

ಅಕ್ಕ


ಆಗಸ್ಟ್ 22

ಅಕ್ಕಾ,

ಕೂತುಕೊಂಡು ಓದು. ಪಕ್ಕದಲ್ಲಿ ಭಾವ ಇದ್ದರೆ ಒಳ್ಳೆಯದು.

ಹಿಂದಿನ ಬೆಂಚಿನವನಿಗೆ ಐವತ್ತೆಂಟು ವರ್ಷ. ನಮ್ಮ ಮನೆ ಹಿಂದಿನ ಬಸ್ ಡಿಪೋದ ಹೆಡ್ ಮೆಕ್ಯಾನಿಕ್. ಅವನ ಪಕ್ಕದವನು ಬ್ರೇಕ್ ರಿಪೇರಿಯವನು. ಜಡೆಯವಳು ಕಂಡಕ್ಟರ್, ಇಬ್ಬರು ಮಕ್ಕಳ ತಾಯಿ, ದಿನಕ್ಕೆ ಐನೂರು ಸಲ ಬಸ್ಸಿನ ಬಾಗಿಲು ತೆಗೆದು ಹಾಕುವವಳು. ಆರನೇ ಕಾರ್ಡಿನ ಮೇಲಿದ್ದದ್ದು ಗ್ರೀಸು. ನನ್ನ ತರಗತಿ ಎಂದರೆ ಡಿಪೋದ ವಿಶ್ರಾಂತಿ ಕೋಣೆ, ಉದ್ದನೆಯ ಮೇಜು, ಎರಡು ಬೆಂಚು, ಗೋಡೆಯ ಮೇಲೆ ಟೈರಿನ ಗಾಳಿ ಎಷ್ಟಿರಬೇಕೆಂಬ ಪಟ್ಟಿ. ಭಾಮೈದ ಅಲ್ಲೇ ಕೆಲಸ ಮಾಡುವುದರಿಂದ ನನ್ನನ್ನು ಒಳಗೆ ಬಿಟ್ಟುಕೊಂಡಿದ್ದಾರೆ.

ಶಾಲೆಯಲ್ಲಿ ಯಾಕಲ್ಲ ಎಂದರೆ, ಏಪ್ರಿಲಿನಲ್ಲಿ ರಜೆ ಬಿಟ್ಟ ಮೇಲೆ ನಾನು ಶಾಲೆಗೆ ಹೋಗಿಲ್ಲ. ಗಂಟಲಲ್ಲಿ ಧ್ವನಿ ಹುಟ್ಟುವ ಕಡೆ ಎರಡು ಗಂಟು ಬೆಳೆದಿದ್ದವು. ಇಪ್ಪತ್ತೆರಡು ವರ್ಷ ಕೂಗಿದ್ದರ ಫಲ ಎಂದರು ಡಾಕ್ಟರು. ಕೆಟ್ಟ ಗಂಟಲ್ಲ, ಪರೀಕ್ಷೆ ಮಾಡಿಸಿದ್ದೇವೆ, ಹೆದರಬೇಡ. ಮೇ ಕೊನೆಯಲ್ಲಿ ಆಪರೇಷನ್ ಆಯಿತು. ಆರು ವಾರ ಪಿಸುಮಾತೂ ಕೂಡದು ಎಂದರು. ಜುಲೈಯಲ್ಲಿ ಇನ್ನೊಮ್ಮೆ ಚಿಕ್ಕ ಆಪರೇಷನ್, ಮತ್ತೆ ಮೌನ. ನವೆಂಬರಿನಲ್ಲಿ ನೋಡುತ್ತಾರೆ. ಧ್ವನಿ ಬರಬಹುದು, ಪಾಠ ಮಾಡುವಷ್ಟು ಬಾರದೆಯೂ ಇರಬಹುದು. ಬಾರದಿದ್ದರೆ ನನ್ನನ್ನು ಆಫೀಸಿನ ಕಡತದ ಕೋಣೆಗೆ ಹಾಕುತ್ತಾರೆ.

ಹತ್ತು ನಿಮಿಷ ಬಾಯಿ ಬಿಡದೆ ಇದ್ದದ್ದು ನನ್ನ ಬುದ್ಧಿವಂತಿಕೆಯಲ್ಲ ಅಕ್ಕಾ. ನನಗೆ ಮಾತಾಡಲು ಆಗುತ್ತಿರಲಿಲ್ಲ, ಅಷ್ಟೇ.

ಪೆಟ್ಟಿಗೆ ಬಂದ ದಿನವೇ ಹೇಳಬೇಕಿತ್ತು. ಹೇಳಿದ್ದರೆ ನೀನು ಓಡಿ ಬರುತ್ತಿದ್ದೆ, ಪೆಟ್ಟಿಗೆ ಬೇರೆ ಮೇಷ್ಟ್ರಿಗೆ ಹೋಗುತ್ತಿತ್ತು. ಎರಡು ತಿಂಗಳು ಮನೆಯಲ್ಲಿ ಕೂತು ಗೋಡೆ ನೋಡಿದವನಿಗೆ ಮಾಡಲು ಬಂದ ಒಂದೇ ಕೆಲಸ ಅದು. ನಾನು ಸ್ವಾರ್ಥಿಯಾದೆ. ನೀನು "ಮಗು" ಎಂದು ಬರೆದಾಗಲೆಲ್ಲ ತಿದ್ದಬೇಕಿತ್ತು, ತಿದ್ದಲಿಲ್ಲ. ನಿನ್ನ ಕೈಪಿಡಿ ನನ್ನಿಂದ ಹಾಳಾಗುತ್ತದೆ ಎಂಬುದು ಗೊತ್ತಾದ ಮೇಲೆ ಊಟ ಸೇರುತ್ತಿಲ್ಲ.

ನನ್ನ ಹೆಂಡತಿಯನ್ನು ಬೈಯಬೇಡ. "ಹೊರಗೆ ಹೋದ್ರು" ಎಂದು ಹೇಳಿಸಿದ್ದು ನಾನೇ. ಪ್ರತಿ ಸಲ ಫೋನಿಟ್ಟ ಮೇಲೆ ನನ್ನನ್ನು ಒಂದು ಗಂಟೆ ಬೈದಿದ್ದಾಳೆ. ತಿರುಗಿ ಹೇಳಲು ನನಗೆ ಬಾಯಿ ಇರಲಿಲ್ಲ.

ಗಡಿಗೆ


ಆಗಸ್ಟ್ 27

ಕಾಗದ ಬಂತು. ಈಗ ಬರೆಯಲು ಕೂತರೆ ಪೆನ್ನು ಮುರಿಯುತ್ತದೆ. ಸಿಟ್ಟು ಕೈಪಿಡಿಯದಲ್ಲ. ಎರಡು ಆಪರೇಷನ್ ಆಗುವವರೆಗೆ ಅಕ್ಕನಿಗೆ ಒಂದು ಮಾತು ಹೇಳಬಾರದು ಅನ್ನಿಸಿತಲ್ಲ ನಿನಗೆ, ಅದಕ್ಕೆ.

ಭಾನುವಾರ ಸಂಜೆ ಐದಕ್ಕೆ ಫೋನು ಮಾಡುತ್ತೇನೆ. ನೀನೇ ಎತ್ತಬೇಕು. ಹೌದು ಅಂದರೆ ಒಂದು ಸಲ ತಟ್ಟು, ಇಲ್ಲ ಅಂದರೆ ಎರಡು ಸಲ.


ಸೆಪ್ಟೆಂಬರ್ 3

ಪ್ರೀತಿಯ ಗಡಿಗೆ,

ಮುಕ್ಕಾಲು ಗಂಟೆ ಮಾತಾಡಿದೆನಂತೆ. ನಿಮ್ಮ ಭಾವ ಗಡಿಯಾರ ನೋಡಿಕೊಂಡು ಕೂತಿದ್ದರು. ನೀನು ಅರವತ್ತಕ್ಕೂ ಹೆಚ್ಚು ಸಲ ತಟ್ಟಿದ್ದೀಯ, ಬೆರಳು ನೋವು ಬಂದಿರಬೇಕು. "ನೋವಿದೆಯಾ?" ಅಂದಾಗ ಎರಡು ಸಲ ತಟ್ಟಿದೆ, "ಭಯ ಇದೆಯಾ?" ಅಂದಾಗ ಒಂದು ಸಲ. ಆಮೇಲೆ ನಾನು ಅತ್ತದ್ದು ಕೇಳಿಸಿತೋ ಇಲ್ಲವೋ. ಕೇಳಿಸಿದ್ದರೂ ಕೇಳಿಸಲಿಲ್ಲವೆಂದೇ ಬರಿ.

ಮರುದಿನ ಬೆಳಿಗ್ಗೆಯೇ ಗಾಜಿನಬೀರುವಿನ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಡಿಪೋ, ಗ್ರೀಸು, ಗಂಟಲು, ಒಂದನ್ನೂ ಬಿಡಲಿಲ್ಲ. ನನ್ನ ಕೈಪಿಡಿಯನ್ನು ನಾನೇ ಕೈಯಲ್ಲಿ ಹಿಡಿದುಕೊಂಡಿದ್ದೆ, ಉಗ್ರಾಣಕ್ಕೆ ಹಾಕಲು. ಅವರು ಎದ್ದು ಮೂರನೇ ಕೋಣೆಗೆ ನಡೆದರು. ಬೀಗದ ಕೈ ತರಿಸಿದರು. ಬೀರು ತೆಗೆದು ಆ ಕಲ್ಲನ್ನು ಹೊರಗೆ ತೆಗೆದು, ಗುಳಿಯೊಳಗೆ ತಮ್ಮ ಹೆಬ್ಬೆರಳಿಟ್ಟು ಸುತ್ತಿಸಿದರು. ಒಮ್ಮೆಯಲ್ಲ, ಮೂರು ನಾಲ್ಕು ಸಲ. ಆಮೇಲೆ ಅಂದದ್ದು ಇಷ್ಟು:

"ಮಗು ಹೇಳಿದ್ರೆ ಅದೃಷ್ಟಕ್ಕೆ ಹೊಳೀತು ಅನ್ಕೋಬಹುದಿತ್ತು. ಬೇರಿಂಗ್ ಬಿಚ್ಚಿ ಬಿಚ್ಚಿ ನೋಡಿದೋರು ಹೇಳಿದ್ರೆ ಅದು ಪುರಾವೆ ಕಣಮ್ಮ."

ಆದರೆ ಅಷ್ಟಕ್ಕೇ ಬಿಡಲಿಲ್ಲ. ಕೈಪಿಡಿ ಮಕ್ಕಳಿಗೆಂದು ಬರೆದದ್ದಾದ್ದರಿಂದ ಮಕ್ಕಳ ತರಗತಿಯನ್ನೂ ನೋಡಲೇಬೇಕಂತೆ. 18ಕ್ಕೆ ಬೆಳಿಗ್ಗೆ ನಿನ್ನ ಶಾಲೆ, ಮಧ್ಯಾಹ್ನ ಡಿಪೋ. ನಿಮ್ಮ ಮುಖ್ಯೋಪಾಧ್ಯಾಯರಿಗೆ ಅವರೇ ಬರೆದಿದ್ದಾರೆ, ಒಂದು ಪೀರಿಯಡ್ ನಿನಗೆ ಬಿಟ್ಟುಕೊಡುತ್ತಾರೆ. ನೀನೇ ಮಾಡಬೇಕು. ಬೇರೆ ಮೇಷ್ಟ್ರನ್ನು ಹಾಕೋಣವೇ ಎಂದು ಅವರು ಕೇಳಿದರು, ನಾನು ಬೇಡವೆಂದೆ. ತಪ್ಪು ಮಾಡಿದೆನೇ?

ಅಕ್ಕ


ಸೆಪ್ಟೆಂಬರ್ 20

ಅಕ್ಕಾ,

ನೀನು ಅತ್ತದ್ದು ಕೇಳಿಸಲಿಲ್ಲ.

ಮೊದಲು ಮಕ್ಕಳದು ಹೇಳುತ್ತೇನೆ, ನಿನ್ನ ಪ್ರಾಣ ಅಲ್ಲೇ ಇರುತ್ತದೆ. ಮೂವತ್ತೆಂಟು ಜನ. ನಾನು ಐದು ತಿಂಗಳ ಮೇಲೆ ಆ ಬಾಗಿಲು ದಾಟಿದ್ದು. ಕುತ್ತಿಗೆಯಲ್ಲಿ ಸ್ಲೇಟು, ಕೈಯಲ್ಲಿ ಪೆಟ್ಟಿಗೆ. ನಿರ್ದೇಶಕಿಯವರು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಸಾಮಾನು ಹರಡಿ ಸುಮ್ಮನೆ ನಿಂತೆ. ಗದ್ದಲವೋ ಗದ್ದಲ. "ಮೇಷ್ಟ್ರಿಗೆ ಮಾತೇ ಬರಲ್ವಂತೆ ಕಣ್ರೋ" ಎಂದು ಒಬ್ಬ ಕೂಗಿದ. ಯಾರೋ ಶಿಳ್ಳೆ ಹಾಕಿದರು. ಮುಂಚಿನ ನಾನಾಗಿದ್ದರೆ ಮೇಜು ಗುದ್ದಿ ಕಿರುಚುತ್ತಿದ್ದೆ. ಈಗ ಅದೂ ಸಾಧ್ಯವಿಲ್ಲ. ಕೆಟ್ಟಿತು, ಅಕ್ಕನ ಮೂರು ವರ್ಷ ನೀರಿನಲ್ಲಿ ಹೋಯಿತು ಎಂದುಕೊಂಡೆ. ನಾಲ್ಕು ನಿಮಿಷ ಹಾಗೇ ಕಳೆಯಿತು. ಅಷ್ಟು ಉದ್ದದ ನಾಲ್ಕು ನಿಮಿಷವನ್ನು ನಾನು ಕಂಡಿಲ್ಲ.

ಆಮೇಲೆ ಮುಂದಿನ ಸಾಲಿನ ಒಬ್ಬ ಹುಡುಗಿ ಇಟ್ಟಿಗೆಯನ್ನು ಎಳೆದುಕೊಂಡು, "ಇದ್ರ ಮೇಲೆ ನಾಯಿ ಹೋಗಿದೆ" ಅಂದಳು.

"ಇಟ್ಟಿಗೆ ಗಟ್ಟಿ ಇರುತ್ತಲ್ವಾ, ಹೆಂಗೆ ಹೆಜ್ಜೆ ಬೀಳುತ್ತೆ?"

"ಒಣಗೋಕೆ ಇಟ್ಟಿದ್ದಾಗ ಹೋಗಿದೆ. ಹಸಿ ಇತ್ತು ಆವಾಗ."

"ಯಾರೂ ಓಡಿಸ್ಲೇ ಇಲ್ವಾ ಹಂಗಾದ್ರೆ?"

"ಓಡಿಸಿದಾರೆ. ಉಗುರು ಎಷ್ಟು ಒಳಗೆ ಹೋಗಿದೆ ನೋಡು. ಓಡಿದೆ ಅದು!"

ಶಿಳ್ಳೆ ಹಾಕಿದವನು ಎದ್ದು ಬಂದು, ಹಸಿ ಮಣ್ಣಿನಲ್ಲಿ ನಡೆದರೆ ಹೇಗೆ, ಓಡಿದರೆ ಹೇಗೆ ಎಂದು ಮೇಜಿನ ಮೇಲೆ ಬೆರಳಲ್ಲಿ ಮಾಡಿ ತೋರಿಸಿದ. ಅಷ್ಟೇ, ಆಮೇಲೆ ಮೂವತ್ತೆಂಟೂ ಜನ ಆ ನಾಯಿಯ ಹಿಂದೆ ಓಡಿದರು. ಇಟ್ಟಿಗೆ ಮಾಡುವವಳು ಎದ್ದಳು, ಕೋಲು ತೆಗೆದುಕೊಂಡಳು, ಬೈದಳು. ಏನೆಂದು ಬೈದಳು ಎಂಬ ಚರ್ಚೆಯನ್ನು ನಾನು ಸ್ಲೇಟಿನ ಮೇಲೆ ಬರೆದು ನಿಲ್ಲಿಸಬೇಕಾಯಿತು. ಡಿಪೋದವರು ಆ ಇಟ್ಟಿಗೆಯನ್ನು ಎರಡು ಸಲ ನೋಡಿದ್ದರು, ಒಬ್ಬರೂ ನಾಯಿಯ ವಿಷಯ ಕೇಳಿರಲಿಲ್ಲ. ಯಾವ ವಸ್ತುವೂ ಒಡೆಯಲಿಲ್ಲ. ಹೊರಡುವಾಗ ನಿರ್ದೇಶಕಿಯವರು ನನ್ನ ಸ್ಲೇಟನ್ನು ಇಸಿದುಕೊಂಡು, "ಒಡೆಯಲಿಲ್ಲ, ಕಲಿತರು" ಎಂದು ಬರೆದು ಕೊಟ್ಟರು. ಬಾಯಲ್ಲೇ ಹೇಳಬಹುದಿತ್ತು, ಅವರಿಗೇನಾಗಿತ್ತು ಹೇಳು. ಅಂಚಿನಲ್ಲಿ ಬರೆದದ್ದನ್ನು ತಿದ್ದಿದ್ದು ಎಂದು ನನಗೆ ಆಮೇಲೆ ಹೊಳೆಯಿತು.

ಡಿಪೋದಲ್ಲಿ ಎಲ್ಲರೂ ತಲೆ ಬಾಚಿಕೊಂಡು ಬಂದಿದ್ದರು. ಬೆಂಚುಗಳನ್ನು ಸೀಮೆಎಣ್ಣೆ ಹಾಕಿ ಒರೆಸಿದ್ದರು, ವಾಸನೆಗೆ ಅರ್ಧ ಜನ ಸೀನುತ್ತಿದ್ದರು. ನಿರ್ದೇಶಕಿಯವರು ಬಣ್ಣದ ಪೆನ್ಸಿಲ್ ಡಬ್ಬವನ್ನು ಚೀಲದಿಂದ ತೆಗೆದು, "ಇದು ಹನ್ನೊಂದು ವರ್ಷದ ಹುಡುಗನಿಗೆ ಅಂತ ತಂದದ್ದು, ಬೇರೆ ತರೋಕೆ ಸಮಯ ಆಗ್ಲಿಲ್ಲ" ಎಂದು ಹೆಡ್ ಮೆಕ್ಯಾನಿಕ್ ಮುಂದೆ ಹಿಡಿದರು. ಎಲ್ಲರೂ ಗೊಳ್ಳೆಂದು ನಕ್ಕರು. ಅವನು ನಗಲಿಲ್ಲ. ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಕೈ ಚಾಚಿ ತೆಗೆದುಕೊಂಡ.

"ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೆ ಮೇಡಂ. ಒಂದ್ ಸಲಾನೂ ಬಹುಮಾನ ಬಂದಿರ್ಲಿಲ್ಲ ನಂಗೆ" ಅಂದ. ಡಬ್ಬವನ್ನು ತಿರುಗಿಸಿ ನೋಡುತ್ತಾ, "ಇಂಥವು ಇನ್ನೂ ಇದಾವಾ ನಿಮ್ಹತ್ರ? ಏನಂತ ಗೊತ್ತಾಗ್ದೆ ಇಟ್ಕೊಂಡಿರೋವು?" ಎಂದು ಕೇಳಿದ.

ನೀನು ತಪ್ಪು ಮಾಡಲಿಲ್ಲ ಅಕ್ಕಾ.

ಗಡಿಗೆ


ಅಕ್ಟೋಬರ್ 12

ಪ್ರೀತಿಯ ಗಡಿಗೆ,

ಕೈಪಿಡಿ ಅಚ್ಚಿಗೆ ಹೋಯಿತು! ಮುಖಪುಟದಲ್ಲಿ "ಹತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ" ಎಂದಿತ್ತಲ್ಲ, ಅದನ್ನು ಹೊಡೆದುಹಾಕಿ "ಕೈ ಇರುವ ಎಲ್ಲರಿಗೂ" ಎಂದು ಬರೆದೆ. ಗಾಜಿನಬೀರು ಓದಿ ಒಂದು ಅಕ್ಷರ ಬದಲಿಸಲಿಲ್ಲ. ಅವರನ್ನು ಇನ್ನು ಮೇಲೆ ಆ ಹೆಸರಿನಿಂದ ಕರೆಯಬಾರದು ಎಂದುಕೊಂಡಿದ್ದೇನೆ, ಬಾಯಿಗೆ ರೂಢಿಯಾಗಿದೆ, ಹೋಗುತ್ತಿಲ್ಲ.

ಮೂರನೇ ಕೋಣೆಯ ಚೀಟಿ ಬದಲಾಯಿತು. "ಬಾಗಿಲ ಕೀಲಿನ ಕಲ್ಲು. ಗುರುತಿಸಿದವರು: ಒಬ್ಬ ಮೆಕ್ಯಾನಿಕ್, ಒಬ್ಬ ಬ್ರೇಕ್ ರಿಪೇರಿಯವ, ಒಬ್ಬ ಕಂಡಕ್ಟರ್." ನಿನ್ನೆ ಒಬ್ಬ ಮುದುಕಪ್ಪ ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದನೆಂದರೆ, ನಾನೇ ಹೋಗಿ ಕುರ್ಚಿ ಕೊಟ್ಟೆ.

ಉಗ್ರಾಣದಲ್ಲಿ "ಗುರುತಾಗದವು" ಎಂದು ಬರೆದ ಒಂದು ದೊಡ್ಡ ಡ್ರಾಯರ್ ಇದೆ. ಅದರಿಂದ ಇಪ್ಪತ್ತು ವಸ್ತು ಆರಿಸಿ ಡಿಪೋಗೆ ಕಳಿಸುತ್ತಿದ್ದೇವೆ. ನಿನ್ನ ಹಿಂದಿನ ಬೆಂಚಿನವನಿಗೆ ಹೇಳು, ಕಣ್ಣು ತೆರೆದೇ ಯೋಚಿಸಲಿ.

ನವೆಂಬರ್ ತಾರೀಖು ಯಾವುದು? ತಟ್ಟಿ ಹೇಳಲು ಆಗುವುದಿಲ್ಲ, ಬರೆದು ತಿಳಿಸು.

ಅಕ್ಕ


ನವೆಂಬರ್ 2

ಅಕ್ಕಾ,

ಒಂಬತ್ತಕ್ಕೆ. ಬೆಳಿಗ್ಗೆ ಹತ್ತೂವರೆ. ನೀನು ಬರಬೇಡ, ಬಂದರೆ ನನಗೆ ಇನ್ನೂ ಭಯವಾಗುತ್ತದೆ. ಹೆಂಡತಿ ಜೊತೆಯಲ್ಲಿರುತ್ತಾಳೆ.

ಧ್ವನಿ ಬಾರದಿದ್ದರೂ ಮಕ್ಕಳ ಮುಂದೆ ನಿಲ್ಲಬಹುದು ಎಂದು ಈಗ ನನಗೆ ಗೊತ್ತು. ಮುಖ್ಯೋಪಾಧ್ಯಾಯರೂ ಹಾಗೇ ಅಂದರು, ಕಡತದ ಕೋಣೆಗೆ ಬೇರೆ ಯಾರನ್ನಾದರೂ ಹುಡುಕುತ್ತಾರಂತೆ. ಆದ್ದರಿಂದ ಕೆಲಸದ ಭಯ ಹೋಯಿತು. ಉಳಿದದ್ದು ಬರೀ ಆಸೆ. ನಿನ್ನನ್ನು ಒಮ್ಮೆ ಹೆಸರು ಹಿಡಿದಲ್ಲ, ಅಕ್ಕಾ ಎಂದು ಕೂಗಬೇಕು ಅಂತ ಆಸೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದೆ. ಇನ್ನು ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ.

ಗಡಿಗೆ


ನವೆಂಬರ್ 10

ನನ್ನ ಪ್ರೀತಿಯ ಗಡಿಗೆ,

ನಿನ್ನೆಯಷ್ಟೇ ಮಾತಾಡಿದ್ದೇವೆ, ಇವತ್ತು ಕಾಗದ ಯಾಕೆಂದು ನಿಮ್ಮ ಭಾವ ಕೇಳುತ್ತಿದ್ದಾರೆ. ಬರೆದದ್ದು ಉಳಿಯುತ್ತದೆ, ವರದಿಗೆ ಬೇಕಾಗುತ್ತದೆ ಎಂದೆ.

ಫೋನು ಬಡಿದಾಗ ನಾನು ಅಡುಗೆಮನೆಯಲ್ಲಿದ್ದೆ. ಒದ್ದೆ ಕೈಯಲ್ಲೇ ಎತ್ತಿಕೊಂಡು, "ಡಾಕ್ಟರು ಏನಂದ್ರೋ? ಒಳ್ಳೇದಾದ್ರೆ ಒಂದ್ಸಲ ತಟ್ಟು, ಇಲ್ದಿದ್ರೆ ಎರಡ್ಸಲ" ಅಂದೆ. ನೀನು ತಟ್ಟಲಿಲ್ಲ. ಆಮೇಲೆ ಒಂದು ಧ್ವನಿ ಬಂತು, ಒರಟು ಧ್ವನಿ, ಮೊದಲಿನದಲ್ಲ, ಬಹಳ ದಿನ ಮುಚ್ಚಿದ್ದ ಬಾಗಿಲು ತೆಗೆದ ಹಾಗೆ. "ಅಕ್ಕಾ, ತಟ್ಟೋದು ಸಾಕು" ಅಂದಿತು.

ನೀನು ಆಮೇಲೆ ಡಿಪೋದ ಸುದ್ದಿ ಹೇಳಿದೆ, ಡ್ರಾಯರಿನ ಇಪ್ಪತ್ತರಲ್ಲಿ ಏಳನ್ನು ಗುರುತು ಹಿಡಿದದ್ದು ಹೇಳಿದೆ, ಆ ನಾಯಿಯ ಹುಡುಗಿ ಮನೆಯಿಂದ ಹಳೇ ಬೀಗ ತಂದು ತೋರಿಸಿದ್ದು ಹೇಳಿದೆ. ನಡುನಡುವೆ, "ಅಕ್ಕಾ, ಇದೀಯಾ?" ಎಂದು ಎರಡು ಸಲ ಕೇಳಿದೆ. ಫೋನು ಕೆಟ್ಟಿತೆಂದುಕೊಂಡಿರಬೇಕು.

ಕೆಟ್ಟಿರಲಿಲ್ಲ ಕಣೋ. ಹುಟ್ಟಿದಾಗಿನಿಂದ ಮೊದಲ ಸಲ ನಾನು ಹತ್ತು ನಿಮಿಷ ಬಾಯಿ ಬಿಡಲಿಲ್ಲ. ನಮ್ಮ ಕೈಪಿಡಿಯ ಮೊದಲ ನಿಯಮ.

ನಿನ್ನ ಅಕ್ಕ